ತಾರೂತ್ ದ್ವೀಪದ ಗೈಡು

ಉಳ್ಳಾಲದ ಕಲಂದರ್ ಭಾಯ್‌ಗೆ ಗಲ್ಫಿನ ಖತೀಫಿನಲ್ಲಿ ಟಯರ್ ಅಂಗಡಿಯಿದೆ. ಆದರೆ ಶುಕ್ರವಾರ ಬಂತೆಂದರೆ ಅವರು ಗೈಡು. ನಮ್ಮ ಕಡೆಯಿಂದ ಹೊಸದಾಗಿ ಬಂದವರು ಯಾರೇ ಸಿಗಲಿ, "ಯಲ್ಲಾ, ಹತ್ತಿ ಮಾರಾಯ್ರೆ" ಎಂದು ಪಿಕಪ್ಪಿಗೆ ಹತ್ತಿಸಿಕೊಂಡು ತಾರೂತ್ ದ್ವೀಪಕ್ಕೆ ಒಯ್ಯುತ್ತಾರೆ. ಅಲ್ಲಿನ ಹಳೆಯ ಕೋಟೆಯನ್ನು ಒಂದು ವಾರ ಪೋರ್ಚುಗೀಸರು ಕಟ್ಟಿದರೆ, ಮುಂದಿನ ವಾರ ಅವರ ಮೇಲೆ ಸಿಟ್ಟಾದ ಯಾವುದೋ ರಾಣಿ ಕಟ್ಟಿರುತ್ತಾಳೆ. ಮ್ಯೂಸಿಯಮ್ಮಿನ ಮಡಕೆಯಲ್ಲಿ ಹಿಂದಿನವರು ಕೆಲವೊಮ್ಮೆ ಮುತ್ತು, ಕೆಲವೊಮ್ಮೆ ಉಪ್ಪಿನಕಾಯಿ ಇಡುತ್ತಿದ್ದರು. ಯಾರಾದರೂ ಗೋಡೆಯ ಫಲಕ ಓದಲು ಹೋದರೆ, "ಅದರಲ್ಲಿ ಎಂತ ಉಂಟು? ಬರೆದವ ಮೊನ್ನೆ ಮೊನ್ನೆ ಬಂದವ" ಎಂದು ಅಡ್ಡ ನಿಲ್ಲುತ್ತಾರೆ. ಕಳೆದ ಶುಕ್ರವಾರ ಮೈಸೂರಿನ ಅನಂತ ಬಂದಿದ್ದ. ಕೆಲಸಕ್ಕೆ ಸೇರಿ ವಾರವಷ್ಟೇ ಆಗಿತ್ತು, ಮನೆಯ ನೆನಪಿನಲ್ಲಿ ಊಟ ಸೇರುತ್ತಿರಲಿಲ್ಲ. ಬಂದರಿನ ಕಟ್ಟೆಯ ಮೇಲೆ ಕೂತವನು ಕಣ್ಣೊರೆಸಿಕೊಂಡು, ವಾಪಸು ಹೋಗಿಬಿಡುತ್ತೇನೆ ಎಂದ. ಕಲಂದರ್ ಭಾಯ್ ಅವನ ಕೈಗೊಂದು ಸಮೋಸ ಕೊಟ್ಟು ಪಕ್ಕದಲ್ಲಿ ಕೂತರು. "ಇದೇ ಕಟ್ಟೆಯಲ್ಲಿ ಒಬ್ಬ ತಿಂಗಳಿಡೀ ಅತ್ತಿದ್ದಾನೆ. ಹಸಿರು ಅಂಗಿ, ಕಾಲಲ್ಲಿ ಒಂದೇ ಚಪ್ಪಲಿ. ಇನ್ನೊಂದು ಸಮುದ್ರಕ್ಕೆ ಬಿದ್ದಿತ್ತು, ಅದಕ್ಕೂ ಸೇರಿಸಿ ಅತ್ತ." ಅಳುವಿನ ನಡುವೆಯೇ ಅನಂತನಿಗೆ ನಗು ಬಂತು. "ಯಾವ ಕಾಲದ ರಾಜ ಭಾಯ್ ಅವನು?" "ರಾಜ ಎಂತದ್ದು ಮಾರಾಯ, ನಾನೇ. ಆಗಲೂ ಈ ಕೋಟೆ ಇತ್ತು. ಹತ್ತಿರ ಕೂತು ಸುಳ್ಳು ಹೇಳ್ಲಿಕ್ಕೆ ಒಬ್ಬ ಜನ ಇರ್ಲಿಲ್ಲ."