ಅವ್ವನ ಅಲಮಾರಿಗೆ ಹಾಕಿದ ಕೀಲಿ

ಅವ್ವನ ಮುಂದಿದ್ದ ಊಟದ ಗಂಗಾಳವನ್ನು ನಾನು ಮೊದಲ ಸಲ ಒದ್ದದ್ದು ಒಂದು ಮಂಗಳವಾರ ಮಧ್ಯಾಹ್ನ. ಎಸೆದದ್ದಲ್ಲ, ಕಾಲಿನಿಂದ ಒದ್ದದ್ದು. ಅನ್ನ, ಸಾರು, ಮೇಲೆ ಸುರಿದುಕೊಂಡ ತುಪ್ಪ ಎಲ್ಲ ಫರಸಿ ನೆಲದ ಮೇಲೆ ಹರಿದು ಗೋಡೆ ಮುಟ್ಟಿತು. ಬಿಸಿ ಸಾರು ಅವಳ ಮೊಣಕಾಲಿಗೂ ಸಿಡಿಯಿತು. ಅವ್ವ ಚೀರಲಿಲ್ಲ. ಕೈಯಲ್ಲಿ ಉಳಿದಿದ್ದ ತುತ್ತನ್ನು ಬಾಯಿಗಿಟ್ಟು, ನನ್ನನ್ನೇ ನೋಡುತ್ತ ಅಗಿದು ನುಂಗಿದಳು. ಅದನ್ನು ಕಂಡು ನನ್ನ ಸಿಟ್ಟು ಇನ್ನೂ ಏರಿತು.

ಅವ್ವನಿಗೆ ಸಕ್ಕರೆ ಕಾಯಿಲೆ. ಎಡಗಾಲಿನ ಹೆಬ್ಬೆರಳಲ್ಲಿ ಗಾಯವಾಗಿ ತಿಂಗಳಾದರೂ ಮಾಗಿರಲಿಲ್ಲ. ಊಟ ಹತೋಟಿಗೆ ಬರದಿದ್ದರೆ ಬೆರಳು ತೆಗೆಯಬೇಕಾಗುತ್ತದೆ, ಅಲ್ಲಿಗೂ ನಿಲ್ಲದಿದ್ದರೆ ಪಾದ, ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದರು. ಸೇಡಂನ ಆ ಮನೆಯಲ್ಲಿ ಇದ್ದದ್ದು ನಾವಿಬ್ಬರೇ. ನಾನು ಊರಾಚೆಯ ಸಿಮೆಂಟ್ ಕಾರ್ಖಾನೆಯಲ್ಲಿ ಫಿಟರ್. ಮದುವೆಯಾಗಿಲ್ಲ, ಇವನ ಸಿಟ್ಟಿಗೆ ಹೆಣ್ಣು ಕೊಡುವವರು ಯಾರು ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು. ಅವ್ವನ ಕಾಲು ಹೋದರೆ ಅವಳು ಉಳಿಯುವುದಿಲ್ಲ ಎಂಬುದು ನನಗೆ ಖಾತ್ರಿಯಿತ್ತು. ಹೆದರಿಕೆಯನ್ನು ಹೆದರಿಕೆಯಾಗಿ ತೋರಿಸುವ ರೂಢಿ ನಮ್ಮ ಮನೆಯಲ್ಲಿ ಇರಲಿಲ್ಲ.

ಅಪ್ಪ ಶಹಾಬಾದಿನ ಕಲ್ಲುಗಣಿಯಲ್ಲಿ ದುಡಿದವನು. ಉಪ್ಪು ಹೆಚ್ಚಾದರೂ ಗಂಗಾಳ ಹಾರುತ್ತಿತ್ತು, ಕಡಿಮೆಯಾದರೂ ಹಾರುತ್ತಿತ್ತು. ಒಮ್ಮೆ ಅದರ ಅಂಚು ಅವ್ವನ ಹುಬ್ಬು ಸೀಳಿ, ರಕ್ತ ಹಿಟ್ಟು ನಾದುವ ಪರಾತಕ್ಕೇ ತೊಟ್ಟಿಕ್ಕಿತ್ತು. ಅವನು ಸತ್ತ ಮೇಲೆ, ನಾನು ಅವನಂತೆ ಆಗುವುದಿಲ್ಲ ಎಂದು ಎದೆ ಮುಟ್ಟಿಕೊಂಡು ಹೇಳಿಕೊಂಡಿದ್ದೆ. ಆಣೆ ಮಾಡುವುದಕ್ಕೇನು, ನಾಲಿಗೆಗೆ ಎಲುಬಿಲ್ಲ.

ಆ ಮಂಗಳವಾರದ ನಂತರ ನಮ್ಮ ಮನೆಯಲ್ಲಿ ಊಟದ ಹೊತ್ತೆಂದರೆ ಜಗಳದ ಹೊತ್ತು. ಅವಳ ಚಹಾದ ಕಪ್ಪನ್ನು ಕಿತ್ತು ಮೋರಿಗೆ ಸುರಿದೆ. ದಿಂಬಿನ ಕೆಳಗಿದ್ದ ಶೇಂಗಾ ಉಂಡೆಗಳನ್ನು ಅವಳ ಕಣ್ಣೆದುರೇ ತುಳಿದು ಪುಡಿ ಮಾಡಿದೆ. ಒಂದು ದಿನ ನಾನು ಅನ್ನದ ಪಾತ್ರೆ ಕಿತ್ತುಕೊಳ್ಳಲು ಕೈ ಹಾಕಿದಾಗ ಅವ್ವ ಕಾದ ಸಟ್ಟುಗದಿಂದ ನನ್ನ ಮಣಿಕಟ್ಟಿಗೆ ಬಾರಿಸಿದಳು. ಚರ್ಮ ಸುಲಿದು ಬಂತು. ಕಲೆ ಇನ್ನೂ ಇದೆ. ನಾನು ಅವಳ ರಟ್ಟೆ ಹಿಡಿದು ತಿರುವಿ ಗೋಡೆಗೆ ಒತ್ತಿದೆ. ಎಪ್ಪತ್ತು ದಾಟಿದ ಮುದುಕಿಯನ್ನು. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ, ಆದರೆ ಆ ಹೊತ್ತಿಗೆ ಆಗಿರಲಿಲ್ಲ.

ಬಿಟ್ಟ ಮೇಲೆ ಅವಳು ರಟ್ಟೆ ತಿಕ್ಕಿಕೊಳ್ಳುತ್ತ ಮೆಲ್ಲಗೆ ಹೇಳಿದಳು: "ನಿಮ್ಮಪ್ಪ ಉಪ್ಪು ಕಮ್ಮಿ ಆಗ್ಯಾದಂತ ಗಂಗಾಳ ಒಗಿತಿದ್ದ. ನೀ ಅನ್ನ ಜಾಸ್ತಿ ಆಗ್ಯಾದಂತ ಒಗಿಲಿಕತ್ತಿ. ನಂಗೇನ್ ಫರಕ?"

"ನಾ ನಿನ್ನ ಕಾಲು ಉಳಸ್ಲಿಕತ್ತೀನಿ," ಎಂದು ನಾನು ಕೂಗಿದೆ. ಅವಳು ಪಾತ್ರೆ ತೊಳೆಯಲು ಹೋದಳು.

ಮರುದಿನ ಅಡುಗೆಮನೆಯ ಕಬ್ಬಿಣದ ಅಲಮಾರಿಗೆ ದೊಡ್ಡದೊಂದು ಕೀಲಿ ತಂದು ಜಡಿದೆ. ಅಕ್ಕಿ, ಸಕ್ಕರೆ, ಬೆಲ್ಲ, ಸಾಬೂದಾಣಿ, ಬಾಳೆಹಣ್ಣು ಎಲ್ಲ ಒಳಗೆ. ಹೊರಗೆ ಜೋಳದ ಹಿಟ್ಟು, ತೊಗರಿಬೇಳೆ, ಕಾಯಿಪಲ್ಯ. "ರೊಟ್ಟಿ ತಿನ್ನು, ಪಲ್ಯ ತಿನ್ನು. ಗುಳಗಿ ಮಾತ್ರ ಒಂದ್ ದಿನಾನೂ ತಪ್ಪಸಬ್ಯಾಡ," ಎಂದು ಹೇಳಿ ಕೀಲಿಕೈಯನ್ನು ಉಡುದಾರಕ್ಕೆ ಕಟ್ಟಿಕೊಂಡು ಕೆಲಸಕ್ಕೆ ಹೋದೆ. ಹತ್ತು ದಿನ ಹೀಗೆ ನಡೆಯಿತು. ಜೊತೆ ಕೆಲಸದವರ ಮುಂದೆ ನನ್ನ ಉಪಾಯವನ್ನು ಹೊಗಳಿಕೊಂಡೆ ಕೂಡ.

ಅವ್ವನದು ಸೋಮವಾರದ ಉಪವಾಸ. ಏಕಾದಶಿ, ದುಪ್ಪಟ್ ಖಾಶಿ ಎಂದು ನಮ್ಮ ಕಡೆ ನಗೆಯಾಡುತ್ತಾರೆ. ಉಪವಾಸದ ದಿನ ಎರಡು ಪಟ್ಟು ತಿನ್ನುವುದು. ಅವಳದೂ ಹಾಗೆಯೇ. ಜೋಳ, ಬೇಳೆ ಮುಟ್ಟುವಂತಿಲ್ಲ, ಸಾಬೂದಾಣಿ ಖಿಚಡಿ, ಬಾಳೆಹಣ್ಣು, ಬೆಲ್ಲ ಹಾಕಿದ ಶೇಂಗಾ ನಡೆಯುತ್ತದೆ. ಅದನ್ನೇ ನಾನು ತಡೆದಿದ್ದೆ. ಕೀಲಿ ಬಿದ್ದ ಮೊದಲ ಸೋಮವಾರ ನನಗೆ ರಜೆ. ಅರ್ಧ ಬಟ್ಟಲು ಖಿಚಡಿ ನಾನೇ ಅಳೆದು ಕೊಟ್ಟೆ. ಎರಡನೆಯ ಸೋಮವಾರ ನಸುಕಿನ ಪಾಳಿ, ಅಳೆದು ಇಡುವುದನ್ನು ಮರೆತು ಕೆಲಸಕ್ಕೆ ಹೋದೆ. ಅವ್ವ ದೇವರಿಗೆ ಕೊಟ್ಟ ಮಾತು ಮುರಿಯುವವಳಲ್ಲ, ಹೊಟ್ಟೆಗೆ ಏನೂ ಹಾಕಲಿಲ್ಲ. ನನ್ನ ಮಾತೂ ಮೀರಲಿಲ್ಲ. ಗುಳಿಗೆ ನುಂಗಿದಳು.

ನಡುಮಧ್ಯಾಹ್ನದ ಹೊತ್ತಿಗೆ ರಕ್ತದ ಸಕ್ಕರೆ ತೀರ ಇಳಿದು ಮೈಯೆಲ್ಲ ಬೆವರಿ, ಕೈಕಾಲು ನಡುಗತೊಡಗಿವೆ. ಹಿಂದೊಮ್ಮೆ ಹೀಗಾದಾಗ ಬೆಲ್ಲ ತಿಂದು ಸುಧಾರಿಸಿಕೊಂಡಿದ್ದಳು, ಹಾಗಾಗಿ ಬೆಲ್ಲಕ್ಕೆಂದು ಅಲಮಾರಿಗೆ ಹೋಗಿದ್ದಾಳೆ. ಕುಟ್ಟಾಣಿಯ ಗುಂಡು ಎತ್ತಿ ಕೀಲಿಗೆ ಹೊಡೆದಿದ್ದಾಳೆ. ಗುರಿ ನಿಲ್ಲದೆ ಅರ್ಧ ಏಟು ಅವಳ ಬೆರಳಿಗೇ ಬಿದ್ದಿದೆ. ಗೋಡೆಯಾಚೆಯ ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಖಾಲಾ, ಓಣಿಗೆಲ್ಲ ಚಿಕ್ಕಮ್ಮನಂತಿದ್ದವಳು, ಮೊದಲು ನಾವು ಮತ್ತೆ ಬಡಿದಾಡುತ್ತಿದ್ದೇವೆ ಎಂದುಕೊಂಡಳಂತೆ. ನಮ್ಮ ಮನೆಯ ಸದ್ದು ಓಣಿಗೆ ಅಷ್ಟು ರೂಢಿಯಾಗಿತ್ತು. ಸದ್ದು ಥಟ್ಟನೆ ನಿಂತಾಗ ಎದ್ದು ಬಂದಿದ್ದಾಳೆ.

ಫೋನು ಬಂದು ನಾನು ಆಸ್ಪತ್ರೆಗೆ ಓಡಿದಾಗ ಖಾಲಾ ಬಾಗಿಲಲ್ಲೇ ನಿಂತಿದ್ದಳು. ಅವಳ ದುಪಟ್ಟಾದ ಮೇಲೆ ಅವ್ವನ ರಕ್ತ. ಏನಾಯಿತು ಎಂದು ಕೇಳುವ ಮೊದಲೇ ನನ್ನ ಕೆನ್ನೆಗೆ ಬಾರಿಸಿದಳು, ಎಲ್ಲರೆದುರು, ಎರಡು ಸಲ.

"ನಿಮ್ಮವ್ವ ಬೆಲ್ಲ ಬೆಲ್ಲ ಅನಕೋತ ಬಿದ್ದಿದ್ಳು. ನಮ್ಮನಿ ಸಕ್ರಿ ನೀರು ಗುಟುಕು ಗುಟುಕು ಕುಡಿಸಿ ತಂದೀನಿ. ದುಶ್ಮನಿಗೂ ಹಿಂಗ ಮಾಡಲ್ಲ ಬೇಟಾ," ಎಂದಳು. ಅಪ್ಪ ಹೊಡೆದಾಗಲೆಲ್ಲ ತಿರುಗಿ ಬಿದ್ದವನು ನಾನು. ಅಂದು ಕೆನ್ನೆ ಒರೆಸಿಕೊಳ್ಳಲೂ ಇಲ್ಲ.

ಅವ್ವ ಉಳಿದಳು. ಬೆರಳುಗಳಿಗೆ ಪಟ್ಟಿ ಕಟ್ಟಿ, ಬಾಟಲಿ ಏರಿಸಿ ಮಲಗಿಸಿದ್ದರು. ಸಂಜೆ ಕಣ್ಣು ಬಿಟ್ಟಾಗ ನಾನು ಕೇಳಿದ್ದು ಕ್ಷಮೆಯನ್ನಲ್ಲ, ಅಷ್ಟು ಒಳ್ಳೆಯ ಮಗ ನಾನಲ್ಲ. "ರೊಟ್ಟಿ ಬಿಟ್ಟು ಆ ಅನ್ನಕ್ಕೇ ಯಾಕ ಬೀಳ್ತಿ?" ಎಂದೆ.

"ರೊಟ್ಟಿ ಬಡಿಲಾಕ ರಟ್ಟಿ ಎತ್ತಲ್ಲ ತಮ್ಮಾ. ಎರಡು ವರ್ಷ ಆತು. ಅನ್ನಾದ್ರ ಕುಕ್ಕರ್ ಕೂಗ್ತದ, ಇಳಸ್ತೀನಿ."

"ಮತ್ತ ಹೇಳಬೇಕಿಲ್ಲೇನು?"

"ನೀ ಯಾವಾಗ ಕೇಳ್ದಿ?"

ಎರಡು ಹೊತ್ತೂ ಕ್ಯಾಂಟೀನಿನಲ್ಲಿ ತಿಂದು ಬಂದು ಅವಳ ಗಂಗಾಳವನ್ನಷ್ಟೇ ಕಾಯುತ್ತಿದ್ದ ನನಗೆ ಮನೆಯಲ್ಲಿ ರೊಟ್ಟಿ ನಿಂತದ್ದೇ ಗೊತ್ತಿರಲಿಲ್ಲ. ಕೀಲಿ ಹಾಕಿದ ಮೇಲೆ ಸೋಮವಾರ ಬಿಟ್ಟು ಉಳಿದ ದಿನವೆಲ್ಲ ಅವಳು ಹಿಟ್ಟು ಕದಡಿ ಅಂಬಲಿ ಕಾಸಿಕೊಂಡು ಕುಡಿದಿದ್ದಳು. ಅದೇ ರಟ್ಟೆಯನ್ನು ನಾನು ತಿರುವಿ ಗೋಡೆಗೆ ಒತ್ತಿದ್ದೆ.

ಅದಾದ ಮೇಲೆ ಮಾಡಿದ್ದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ. ಖಾಲಾಳ ಮುಂದೆ ಕುಳಿತು ರೊಟ್ಟಿ ಮಾಡುವುದು ಕಲಿತೆ. ಮೊದಲ ವಾರದವು ನಕಾಶೆಗಳಂತಿದ್ದವು. ಈಗ ವಾರದ ರಜೆಯ ದಿನ ಮೂವತ್ತು ಬಡಿದು, ತೆಳ್ಳಗೆ ಒಣಗಿಸಿ, ಬುಟ್ಟಿಯಲ್ಲಿ ಅವಳ ಕೈಗೆ ಎಟುಕುವಲ್ಲಿ ಇಡುತ್ತೇನೆ. ಕಡಕ್ ರೊಟ್ಟಿ ಕೆಡುವುದಿಲ್ಲ. ಹಸಿವಾದಾಗ ಬೇಳೆಯಲ್ಲಿ ಮುರಿದು ನೆನೆಸಿದರೆ ಸಾಕು, ಹಲ್ಲಿಲ್ಲದವರಿಗೂ ಇಳಿಯುತ್ತದೆ. ಪುಂಡಿಪಲ್ಯವನ್ನು ಎರಡು ದಿನಕ್ಕಾಗುವಷ್ಟು ಒಮ್ಮೆಗೇ ಮಾಡುತ್ತೇನೆ. ಸವತಿಕಾಯಿ, ಮೂಲಂಗಿ ಹೆಚ್ಚಿ ಮೊದಲು ಬಡಿಸುತ್ತೇನೆ, ಅನ್ನ ಕಡೆಗೆ, ಒಂದು ಸೌಟು. ಆ ಸೌಟು ಅನ್ನವನ್ನು ತಪ್ಪಿಸುವುದಿಲ್ಲ, ಅದಿಲ್ಲದಿದ್ದರೆ ಅವಳಿಗೆ ಊಟವಾದಂತಲ್ಲ. ಸೋಮವಾರದ ಗುಳಿಗೆಯನ್ನು ಡಾಕ್ಟರನ್ನು ಕೇಳಿ ಹೊಂದಿಸಿಕೊಂಡಿದ್ದೇವೆ. ಅಲಮಾರಿಯ ಬಾಗಿಲನ್ನೇ ಕಳಚಿ ಗುಜರಿಗೆ ಹಾಕಿದೆ.

ಹೆಬ್ಬೆರಳು ಉಳಿದಿದೆ. ಹೋದ ತಿಂಗಳು ಡಾಕ್ಟರು ಗಾಯ ಮಾಗಿದ ಜಾಗವನ್ನು ಒತ್ತಿ ನೋಡಿ, ಮಗ ಭಾಳ ಚಂದ ನೋಡಿಕೊಳ್ಳುತ್ತಾನೆ ಎಂದು ಅವ್ವನಿಗೆ ಹೇಳಿದರು. ಅವ್ವ ಹೌದೆಂದು ತಲೆಯಾಡಿಸಿದಳು.

ಅಂದು ಮನೆಗೆ ಬಂದು ಊಟಕ್ಕೆ ಕುಳಿತೆವು. ಅವಳ ಪಲ್ಯ ಮುಗಿದದ್ದು ಕಂಡು, ಇನ್ನಷ್ಟು ಬಡಿಸಲೆಂದು ನಾನು ಎದ್ದು ಅವಳ ಕಡೆ ಕೈ ಚಾಚಿದೆ. ಅವ್ವ ಎರಡೂ ತೋಳುಗಳಿಂದ ಗಂಗಾಳವನ್ನು ಬಳಸಿ ಹಿಡಿದು, ತಲೆ ತಗ್ಗಿಸಿ, ಕಣ್ಣು ಮುಚ್ಚಿಕೊಂಡಳು.