ಕಾವಲಿಗೆ ಹೋದ ಪ್ರಾರ್ಥನೆ

ಯಾವ ಸಂಗೀತ ಇಷ್ಟ ಎಂದು ಯಾರಾದರೂ ಕೇಳಿದರೆ ನಾನು ಹಳೆಯ ಸಿನಿಮಾ ಹಾಡು ಎಂದುಬಿಡುತ್ತೇನೆ. ನಿಜ ಹೇಳಹೊರಟರೆ ಮಾತು ಬೆಳೆಯುತ್ತದೆ. ನಾಲ್ಕು ನೂರು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿದ್ದ ಒಬ್ಬ ಸಂಗೀತಗಾರ, ಅವನು ಕಟ್ಟಿದ ಲ್ಯಾಟಿನ್ ಪ್ರಾರ್ಥನೆಗಳು, ವಾದ್ಯವಿಲ್ಲದೆ ಹಾಡುವ ಐದಾರು ಕಂಠಗಳು. ಇಷ್ಟನ್ನೆಲ್ಲ ನಮ್ಮೂರು ತಿಗನಾರೆಯಲ್ಲಿ ಬಸ್ಸಿಗೆ ಕಾಯುತ್ತ ವಿವರಿಸುವುದು ಹೇಗೆ?

ಮೈಸೂರಿನ ಹಾಸ್ಟೆಲ್ಲಿನಲ್ಲಿ ಗೆಳತಿಯೊಬ್ಬಳು ಅವನ್ನು ಕ್ಯಾಸೆಟ್ಟಿಗೆ ತುಂಬಿಸಿಕೊಟ್ಟಿದ್ದಳು. ಒಬ್ಬರು ಒಂದು ಸಾಲು ಎತ್ತಿಕೊಂಡು ಅರ್ಧ ದಾರಿ ಹೋಗುವಷ್ಟರಲ್ಲಿ ಇನ್ನೊಬ್ಬರು ಅದನ್ನೇ ಮೊದಲಿನಿಂದ ಹಿಡಿಯುತ್ತಾರೆ. ಯಾರೂ ಯಾರಿಗೂ ಕಾಯುವುದಿಲ್ಲ. ಡಿಕ್ಕಿ ಹೊಡೆಯುವುದೂ ಇಲ್ಲ. ಆ ಸಂಗೀತಗಾರನ ಕಾಲದಲ್ಲಿ ದೊರೆ ಬದಲಾದಂತೆ ದೇವರನ್ನು ಕರೆಯುವ ಭಾಷೆಯೂ ಬದಲಾಗುತ್ತಿತ್ತಂತೆ. ಹಾಗಾಗಿ ಕೆಲವು ಹಾಡುಗಳನ್ನು ಮನೆಯೊಳಗೆ ಬಾಗಿಲು ಹಾಕಿಕೊಂಡು ಮೆಲುದನಿಯಲ್ಲಿ ಹಾಡಿಕೊಳ್ಳುತ್ತಿದ್ದರಂತೆ. ಓದು ಮುಗಿಸಿ ಊರಿಗೆ ಮರಳಿದ ಮೇಲೆ ನಾನೂ ಬಾಗಿಲು ಹಾಕಿಕೊಂಡೇ ಕೇಳುತ್ತಿದ್ದೆ. ನನಗಿದ್ದದ್ದು ದೊರೆಯ ಭಯವಲ್ಲ, ಪಕ್ಕದ ಹೊಲದ ಸೋದರತ್ತೆಯ ಬಾಯಿಯ ಭಯ.

ಆ ವರ್ಷ ಮುಸುಕಿನ ಜೋಳ ತೆನೆಗಟ್ಟಿದಾಗ ಕಾಡುಹಂದಿ ನುಗ್ಗತೊಡಗಿದವು. ಮನುಷ್ಯರ ದನಿಗೆ ಹೆದರುತ್ತವೆಂದು ಸಂಜೆಯಾದರೆ ಎಲ್ಲರ ಕಾವಲು ಅಟ್ಟಣೆಯಲ್ಲೂ ಟೇಪ್ ರೆಕಾರ್ಡರ್ ಹಾಡುತ್ತಿತ್ತು. ಆದರೆ ಸಿನಿಮಾ ಹಾಡು ಹಂದಿಗಳಿಗೂ ಅಭ್ಯಾಸವಾಗಿಹೋಗಿತ್ತು. ಒಂದು ಮೂಲೆಯ ಜೋಳ ಪೂರ್ತಿ ನೆಲಕಚ್ಚಿದ ದಿನ ಅಪ್ಪ ನನ್ನ ಕೋಣೆಯ ಬಾಗಿಲಿಗೆ ಬಂದರು.

“ಕೂಸೇ, ಆ ನಿನ್ ಕ್ಯಾಸೆಟ್ ಕೊಡವ್ವ. ಅದ್ರಲ್ಲಿ ಬೋ ಜನ ಅವ್ರೆ.”

“ಅದು ದೇವರ ಹಾಡಪ್ಪ.”

“ಒಳ್ಳೇದೇ ಆಯ್ತಲ್ಲ, ಕಾಯ್ಲಿ.”

ಕೊಟ್ಟೆ. ಆ ಸಂಜೆ ಪ್ರಾರ್ಥನೆ ಊರಿಗೆಲ್ಲ ಕೇಳಿಸಿತು. ನನ್ನ ಮನಸ್ಸಿನೊಳಗಿನದನ್ನು ಯಾರೋ ಡಂಗುರ ಸಾರುತ್ತಿರುವಂತೆನಿಸಿ ಅಡಿಗೆಮನೆಯಲ್ಲಿ ಮುದುಡಿ ಕುಳಿತಿದ್ದೆ. ಬೆಳಿಗ್ಗೆ ಅತ್ತೆ ಬಂದೇಬಿಟ್ಟರು.

“ಅಣ್ಣೋ, ನಿನ್ ಒಲ್ದಲ್ಲಿ ಯಾರ್ ಸತ್ತೋದ್ರು? ಅಷ್ಟೊಂದ್ ಜನ ಅಳ್ತಾ ಅವ್ರೆ!”

“ಯಾರೂ ಸತ್ತಿಲ್ಲ ಕಣಮ್ಮಿ, ನನ್ ಮಗಳ ನೆಂಟ್ರು ಬಂದವ್ರೆ,” ಎಂದರು ಅಪ್ಪ.

“ಅಂಗಾರೆ ಇರಿಸ್ಕೊ. ನಮ್ ಒಲಕ್ಕೂ ಅಂದಿ ಬರ್ಲಿಲ್ಲ.”

ಜೋಳ ಉಳಿಯಿತೆಂದು ಸಂತೋಷಪಡಬೇಕೋ, ಅಂಥ ಸಂಗೀತ ಕೇಳಿ ಹಂದಿಗಳು ಓಡಿದವಲ್ಲ ಎಂದು ನೊಂದುಕೊಳ್ಳಬೇಕೋ ನನಗೆ ತಿಳಿಯಲಿಲ್ಲ.

ಕೊಯ್ಲು ಹತ್ತಿರವಾದಾಗ ಒಂದು ಸಂಜೆ ಯಂತ್ರ ಟೇಪನ್ನು ಸುತ್ತಿಕೊಂಡು ನಿಂತೇಹೋಯಿತು. ಅಪ್ಪ ಸೌದೆ ತರಲು ಹೋಗಿದ್ದರು. ಅವರಿಗೆ ಬುತ್ತಿ ತಂದಿದ್ದ ನಾನೊಬ್ಬಳೇ ಅಟ್ಟಣೆಯ ಮೇಲೆ. ಅಷ್ಟರಲ್ಲಿ ಬೇಲಿಯಾಚೆ ಲಂಟಾನದ ಪೊದೆ ಅಲುಗಿತು. ಕೂಗಬೇಕಿತ್ತು, ಕೂಗಿ ಅಭ್ಯಾಸವಿಲ್ಲ. ಯಾರ ಮುಂದೆಯೂ ಹಾಡದ ನಾನು ನೆನಪಿಗೆ ಬಂದ ಸಾಲೊಂದನ್ನು ಎತ್ತಿಕೊಂಡೆ.

ಪಕ್ಕದ ಹೊಲದಿಂದ ಅತ್ತೆಯ ದನಿ ಬಂತು: “ಒಸಿ ಗಟ್ಟಿಯಾಗ್ ಆಡು ಕೂಸೇ! ಅಂದಿಗೆ ಕೇಳ್ಬ್ಯಾಡ್ವಾ?”

ಗಟ್ಟಿಯಾಗಿ ಹಾಡಿದೆ. ಪೊದೆ ಸುಮ್ಮನಾಯಿತು. ಸ್ವರ ತಪ್ಪಿದ ಕಡೆಯೂ ದನಿ ತಗ್ಗಿಸಲಿಲ್ಲ. ಜೋಳ ಕಾಯುವುದಕ್ಕೆ ತಪ್ಪು ಸ್ವರವೂ ಆಗುತ್ತದೆ.