ಗೋಡೆಯಾಚೆಯ ಪೇರಳೆ

ಮಲ್ಪೆಯ ಮೀನು ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ವಿದೇಶಕ್ಕೆ ಹೋಗುವ ಸಿಗಡಿಯನ್ನು ಪರೀಕ್ಷೆ ಮಾಡುತ್ತಿದ್ದ ಕುಸುಮಾವತಿ, ಬ್ಯಾಂಕಿನ ದೇವದಾಸರನ್ನು ಮದುವೆಯಾಗಿ ಕೋಲ್ಕತ್ತಕ್ಕೆ ಬಂದ ಮೇಲೆ ಬಹಳ ವರ್ಷ ಆ ಕೆಲಸದ ಸುದ್ದಿಯನ್ನೇ ಬಿಟ್ಟಿದ್ದಳು. ಮಗ ಸ್ವಸ್ತಿಕ್ ಕಾಲೇಜಿಗೆ ಸೇರಿದ ಮೇಲೆ ಗರಿಯಾ ಬಡಾವಣೆಯ ಫ್ಲ್ಯಾಟಿನಲ್ಲಿ ಮಧ್ಯಾಹ್ನಗಳು ಮುಗಿಯುತ್ತಲೇ ಇರಲಿಲ್ಲ. ದೇವದಾಸರ ಶಾಖೆಗೆ ಬರುತ್ತಿದ್ದ ಹಣ್ಣಿನ ವ್ಯಾಪಾರಿ ಬದರಿನಾಥರು ಒಂದು ದಿನ ಮಾತಿಗೆ ಮಾತು ಬಂದು ತಮ್ಮ ಕಷ್ಟ ಹೇಳಿಕೊಂಡರು. ನಗರದ ಆಚೆ ಬಾರುಯಿಪುರದಲ್ಲಿ ಪ್ಯಾಕ್‌ಹೌಸ್ ಕಟ್ಟಿಸಿದ್ದಾರೆ, ಅಲ್ಲಿಯ ಪೇರಳೆಯನ್ನು ಲಂಡನ್ನಿಗೆ ಕಳಿಸಬೇಕೆಂದಿದ್ದಾರೆ, ಆದರೆ ಸರ್ಕಾರದ ಮಾನ್ಯತೆ ಪಡೆಯುವ ದಾರಿ ತಿಳಿದವರು ಸಿಗುತ್ತಿಲ್ಲ.

"ನಿನಗೆ ಮೀನಿನ ಕೆಲಸ ಗೊತ್ತುಂಟಲ್ಲ. ಹಣ್ಣಿನದ್ದು ಅದಕ್ಕಿಂತ ಕಷ್ಟ ಎಂತ?" ಎಂದು ದೇವದಾಸರು ಊಟದ ಹೊತ್ತಿಗೆ ಕೇಳಿದರು.

"ಮೀನು ಸತ್ತ ಮೇಲೆ ನಮ್ಮ ಕೈಗೆ ಬರ್ತದೆ. ಹಣ್ಣಾದ್ರೆ ಮರದಲ್ಲಿರುವಾಗಿಂದಲೇ ಕಾಯ್ಬೇಕು. ನೀವು ಸುಲಭದಲ್ಲಿ ಹೇಳಿಬಿಟ್ರಿ," ಎಂದಳು ಕುಸುಮಾವತಿ. ಹಾಗೆಂದವಳು ಮರುವಾರ ಬಾರುಯಿಪುರದ ಲೋಕಲ್ ಟ್ರೈನ್ ಹತ್ತಿದ್ದಳು.

ಮಾನ್ಯತೆ ಎರಡು ಕಡೆಗೂ ಬೇಕಿತ್ತು. ಹಣ್ಣು ತೊಳೆದು, ಆರಿಸಿ, ಪೆಟ್ಟಿಗೆಗೆ ತುಂಬುವ ಪ್ಯಾಕ್‌ಹೌಸಿಗೊಂದು. ಹಣ್ಣು ಬೆಳೆಯುವ ತೋಟಗಳಿಗೊಂದು. ಒಂದು ಸಿಕ್ಕಿ ಇನ್ನೊಂದು ಸಿಗದಿದ್ದರೆ ಒಂದೇ ಒಂದು ಹಣ್ಣೂ ವಿಮಾನ ಹತ್ತುವಂತಿರಲಿಲ್ಲ.

ಪ್ಯಾಕ್‌ಹೌಸ್ ಅವಳ ಕೈಗೆ ಬಗ್ಗಿತು. ಕಿಟಕಿಗಳಿಗೆ ಸಣ್ಣ ಕಣ್ಣಿನ ಬಲೆ ಹಾಕಿಸಿದಳು, ಬಾಗಿಲಿನ ಹಿಂದೆ ಇನ್ನೊಂದು ಬಾಗಿಲು ಇಡಿಸಿದಳು, ಒಳಗೆ ಬರುವವರು ಕಾಲು ಅದ್ದಿ ಬರಲು ಔಷಧಿ ನೀರಿನ ತೊಟ್ಟಿ ಮಾಡಿಸಿದಳು. ತೊಡಕಾದದ್ದು ಬಳೆಯ ವಿಷಯದಲ್ಲಿ. ಹಣ್ಣು ಆರಿಸುವವರ ಕೈಯಲ್ಲಿ ಆಭರಣ ಇರಬಾರದೆಂದು ನಿಯಮ. ಕೆಲಸಕ್ಕೆ ಬರುತ್ತಿದ್ದವರೆಲ್ಲ ಮದುವೆಯಾದ ಹೆಂಗಸರು; ಶಂಖದ ಬಳೆ ತೆಗೆಯುವುದೆಂದರೆ ಗಂಡನ ಆಯುಷ್ಯಕ್ಕೆ ಕೇಡು ಬಯಸಿದ ಹಾಗೆ. ಯಾರೂ ಜಗಳ ಮಾಡಲಿಲ್ಲ, ಸುಮ್ಮನೆ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು ಕೂತರು. ಕುಸುಮಾವತಿ ತನ್ನ ಕರಿಮಣಿಯನ್ನೊಮ್ಮೆ ಮುಟ್ಟಿ ನೋಡಿಕೊಂಡಳು. ಮೊಣಕೈವರೆಗೂ ಬರುವ ಕೈಗವಸು ತರಿಸಿ, ಬಳೆಯ ಮೇಲಿಂದಲೇ ತೊಡಿಸಿದಳು. ಪರಿಶೀಲನೆಗೆ ಬಂದ ಅಧಿಕಾರಿ ಅದನ್ನು ನೋಡಿ ಒಪ್ಪಿಕೊಂಡರು.

ಇನ್ನು ಉಳಿದದ್ದು ತೋಟಗಳು. ಒಂದಕ್ಕೊಂದು ತಾಗಿಕೊಂಡಿದ್ದ ಅಷ್ಟೂ ತೋಟಗಳು ಒಂದೇ ಗುಂಪಾಗಿ ಅರ್ಜಿ ಹಾಕಿದ್ದವು. ಗುಂಪಿಗೆ ಹಿರಿಯ ಹರಾಧನ್ ನಸ್ಕರ್. ಅರುವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಕಾಯಿ ನಿಂಬೆಗಾತ್ರ ಆಗುತ್ತಿದ್ದಂತೆ ಒಂದೊಂದಕ್ಕೂ ಚೀಲ ಕಟ್ಟುತ್ತಿದ್ದ. ಹಣ್ಣುನೊಣ ಒಂದು ಸಲ ಸಿಪ್ಪೆಗೆ ಚುಚ್ಚಿ ಮೊಟ್ಟೆಯಿಟ್ಟಿತೆಂದರೆ ಮೇಲೆ ಏನೂ ಕಾಣುವುದಿಲ್ಲ, ಒಳಗೆ ಹುಳ. ಅಂಥ ಒಂದು ಹಣ್ಣು ಆ ದೇಶದಲ್ಲಿ ಸಿಕ್ಕಿದರೆ ಇಡೀ ಸರಕು ವಾಪಸು. ಅದಕ್ಕೇ ತೋಟದಲ್ಲಿ ಅಲ್ಲಲ್ಲಿ ಹಳದಿ ಡಬ್ಬಿಗಳನ್ನು ತೂಗುಹಾಕಿ, ವಾಸನೆಗೆ ಮರುಳಾಗಿ ಒಳಗೆ ಬಿದ್ದ ನೊಣಗಳನ್ನು ವಾರವಾರವೂ ಎಣಿಸಬೇಕಿತ್ತು.

ಮಳೆಗಾಲದ ಫಸಲು ಬರುವ ಹೊತ್ತಿಗೆ ಉಳಿದೆಲ್ಲ ಕಡೆ ಡಬ್ಬಿಗಳು ಹೆಚ್ಚುಕಡಿಮೆ ಖಾಲಿ. ಹರಾಧನನ ತೋಟದ ಪೂರ್ವದ ಗೋಡೆಯ ಹತ್ತಿರದವು ಮಾತ್ರ ಮುಚ್ಚಳ ತೆಗೆದರೆ ತುಂಬಿ ಚೆಲ್ಲುತ್ತಿದ್ದವು.

ಕುಸುಮಾವತಿ ಇಟ್ಟಿಗೆಯ ಮೇಲೆ ನಿಂತು ಗೋಡೆಯಾಚೆ ಇಣುಕಿದಳು. ದೊಡ್ಡ ಹಳೆಯ ತೋಟ. ಮರದ ಬುಡದಲ್ಲೆಲ್ಲ ಹಣ್ಣು ಉದುರಿ ಕೊಳೆತು ಹಳದಿ ಕೆಸರಾಗಿತ್ತು. ಹುಳಿ ವಾಸನೆ ಮುಖಕ್ಕೆ ಹೊಡೆಯಿತು. ನೊಣ ಹುಟ್ಟುತ್ತಿದ್ದದ್ದು ಇಲ್ಲಿ.

"ಯಾರದ್ದು ಇದು?"

"ರಾಯ್ ಬಾಬುಗಳದ್ದು, ದಿದಿ. ಅವರು ತೀರಿಕೊಂಡರು. ಮಗ, ಮಗಳು ಕೋರ್ಟಿಗೆ ಹೋಗಿದ್ದಾರೆ. ಗೇಟಿಗೆ ಬೀಗ," ಎಂದ ಹರಾಧನ್. "ನಾವೇ ಗೋಡೆ ಹತ್ತಿ ಹೋಗಿ ಗುಡಿಸಿಬಿಡಲೇ?"

"ಬೇಡ ದಾದಾ. ಕೋರ್ಟಿನಲ್ಲಿರುವ ಜಾಗ. ನಿಮ್ಮ ಮೇಲೆ ಕೇಸಾಗುತ್ತದೆ."

ಅವಳು ರಾಯ್ ಬಾಬುಗಳ ಮಗನನ್ನು ಹುಡುಕಿಕೊಂಡು ಕಂಪನಿ ಕಚೇರಿಗಳಿರುವ ಸೆಕ್ಟರ್ ಫೈವ್‌ಗೆ ಹೋದಳು. ಮಿಹಿರ್ ಕಚೇರಿಯಿಂದ ಕೆಳಗಿಳಿದು ಬಂದು, ಚಹಾ ಅಂಗಡಿಯ ಪಕ್ಕ ನಿಂತೇ ಅವಳ ಮಾತು ಕೇಳಿದ. ಅವಳು ಮೊಬೈಲಿನಲ್ಲಿ ತೋರಿಸಿದ ಚಿತ್ರವನ್ನು ಬಹಳ ಹೊತ್ತು ನೋಡಿದ.

"ಇಷ್ಟೊಂದು ಹಾಳಾಗಿದೆ ಅಂತ ಗೊತ್ತಿರಲಿಲ್ಲ. ಆದರೆ ಇದ್ದದ್ದು ಇದ್ದ ಹಾಗೇ ಇರಬೇಕು ಅಂತ ಕೋರ್ಟು ಹೇಳಿದೆ. ನಾನು ಆಳು ಕಳಿಸಿದರೆ, ತೋಟ ವಶ ಮಾಡಿಕೊಂಡೆ ಅಂತ ಅಕ್ಕ ಹೇಳುತ್ತಾಳೆ. ಅವಳು ಬರೆದು ಕೊಡಲಿ, ನಾನೂ ಕೊಡುತ್ತೇನೆ."

ಅಕ್ಕ ಅಪರ್ಣಾಳ ಮನೆ ದಕ್ಷಿಣೇಶ್ವರದಲ್ಲಿ. ಅವಳು ಒಳಗೆ ಕರೆದು ಕೂರಿಸಿ, ತಿನ್ನಲು ಸಂದೇಶ್ ಮಿಠಾಯಿ ಕೊಟ್ಟು, ಚಿತ್ರ ನೋಡಿ ಕಣ್ಣು ಒರೆಸಿಕೊಂಡಳು. ಅವು ಅಪ್ಪ ನೆಟ್ಟ ಮರಗಳು. "ನೀವು ಹೇಳುವುದು ಸರಿ. ಆದರೆ ಮೊದಲು ನಾನು ಬರೆದು ಕೊಟ್ಟರೆ ಬಿಟ್ಟುಕೊಟ್ಟ ಹಾಗಾಗುತ್ತದೆ ಅನ್ನುತ್ತಾರೆ ವಕೀಲರು. ಅವನು ಮೊದಲು ಕೊಡಲಿ." ಹೊರಡುವಾಗ ಬಾಗಿಲವರೆಗೂ ಬಂದು, ತಮ್ಮನ ಆರೋಗ್ಯ ಹೇಗಿದೆ, ಸಣ್ಣಗಾಗಿದ್ದಾನೆಯೇ ಎಂದು ವಿಚಾರಿಸಿದಳು.

ಇಬ್ಬರೂ ಕೆಟ್ಟವರಲ್ಲ. ಬೈದು ಹಗುರಾಗಲೂ ಒಬ್ಬರು ಸಿಗಲಿಲ್ಲವೆಂದು ಅವಳು ದೇವದಾಸರ ಹತ್ತಿರ ಹೇಳಿದಳು. ಪಂಚಾಯಿತಿಯವರೂ ಕೋರ್ಟಿನ ಹೆಸರು ಕೇಳಿ ಕೈಮುಗಿದರು.

ಮುಂದಿನ ವಾರ ಹೋದಾಗ ಹರಾಧನ್ ಗೋಡೆಯ ಬದಿಯ ಸಾಲಿನಲ್ಲಿ ಕೈಕಟ್ಟಿ ನಿಂತಿದ್ದ.

"ಈ ಸಾಲು ಕಡಿದುಬಿಟ್ಟರೆ? ನೊಣ ದಾಟಿ ಬರುವುದಕ್ಕೆ ಮರವೇ ಇರುವುದಿಲ್ಲ. ನಡುವೆ ಬಯಲು."

ನೊಣ ಬಯಲನ್ನೂ ದಾಟೀತು ಎಂದು ಅವಳಿಗೆ ಗೊತ್ತಿತ್ತು. ಸ್ವಲ್ಪವಾದರೂ ಕಡಿಮೆಯಾದೀತು ಎಂಬ ಆಸೆಯೂ ಇತ್ತು. "ಖಂಡಿತ ಅನುಕೂಲ ಆಗುತ್ತದೆ ಅಂತ ನಾನು ಹೇಳಲಾರೆ, ದಾದಾ," ಎಂದಳು.

ಆತನಿಗೆ ಅಷ್ಟು ಸಾಕಾಯಿತು. ಅವಳು ಬೇಡ ಅನ್ನಲಿಲ್ಲವಲ್ಲ. ಮತ್ತೆ ಅವಳು ಬಂದಾಗ ಸಾಲು ಪೂರಾ ಕಡಿದು, ಬೇರು ಕಿತ್ತು, ನೆಲ ಗುಡಿಸಿ ಸಗಣಿ ಸಾರಿಸಿದ ಅಂಗಳದ ಹಾಗೆ ಇಟ್ಟಿದ್ದ. ಚೀಲ ಕಟ್ಟಿದ್ದ ಕಾಯಿಗಳು ಕೊಂಬೆಯ ಸಮೇತ ಒಂದು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಹರಾಧನನ ಹೆಂಡತಿ ಮನೆಯೊಳಗಿಂದ ಹೊರಗೆ ಬರಲಿಲ್ಲ.

ಡಬ್ಬಿಗಳಲ್ಲಿ ನೊಣ ಕಡಿಮೆಯಾಯಿತು. ಸಾಕಾಗುವಷ್ಟು ಆಗಲಿಲ್ಲ.

ತೋಟದ ಪರಿಶೀಲನೆಗೆ ಬಂದವರು ಇಂದಿರಾ ಎಂಬ ಅಧಿಕಾರಿ. ಡಬ್ಬಿಗಳನ್ನು ತಾವೇ ಬಿಚ್ಚಿ ನೋಡಿದರು. ಗೋಡೆಯಾಚೆಯನ್ನೂ ಕಡಿದ ಸಾಲನ್ನೂ ನೋಡಿದರು. ಆಮೇಲೆ ಕುಸುಮಾವತಿಯನ್ನು ಪಕ್ಕಕ್ಕೆ ಕರೆದರು.

"ಇವರ ತೋಟದಲ್ಲಿ ಒಂದು ಕುಂದೂ ಇಲ್ಲ. ಇಷ್ಟು ಚೊಕ್ಕಟ ನಾನು ಬೇರೆಲ್ಲೂ ನೋಡಿಲ್ಲ. ಆದರೆ ನೊಣ ಇದೆ. ನಾನು ಏನು ಮಾಡಲಿ, ಹೇಳಿ?"

ಮಲ್ಪೆಯಲ್ಲಿದ್ದಾಗ ಕುಸುಮಾವತಿಯೂ ಎಷ್ಟೋ ದೋಣಿಯವರಿಗೆ ಹೀಗೇ ಸರಕು ಬೇಡವೆಂದಿದ್ದವಳು, ಸರಿಯಾಗಿಯೇ ಹೇಳಿದ್ದಳು. ಇವರು ಹೇಳುತ್ತಿರುವುದೂ ಸರಿಯೇ ಆಗಿತ್ತು.

ಒಂದೇ ಅರ್ಜಿಯಾದ್ದರಿಂದ ಅಷ್ಟೂ ತೋಟಗಳ ಮಾನ್ಯತೆ ನಿಂತುಹೋಯಿತು. ಆ ಸಲದ ಹಣ್ಣು, ಚೀಲ ಬಿಚ್ಚಿದರೆ ಕಲೆಯೊಂದೂ ಇಲ್ಲದ ಹಣ್ಣು, ಎಂದಿನಂತೆ ಬುಟ್ಟಿಗಳಲ್ಲಿ ಬಾರುಯಿಪುರದ ಸಂತೆಗೆ ಹೋಯಿತು. ಅಲ್ಲಿಂದ ಲೋಕಲ್ ಟ್ರೈನಿನಲ್ಲಿ ಉಪ್ಪು ಖಾರ ಸವರಿಸಿಕೊಂಡು ಮಾರಾಟವಾಯಿತು. ಕುಸುಮಾವತಿ ಕೂತ ಬೋಗಿಗೂ ಬರುತ್ತಿತ್ತು. ಅವಳು ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದಳು.

ಬದರಿನಾಥರು ಕೂಗಾಡುವ ಜನವಲ್ಲ. ದುರ್ಗಾಪೂಜೆ ಹತ್ತಿರ ಬಂದಾಗ ಪ್ಯಾಕ್‌ಹೌಸಿನ ಶೀತಲ ಕೋಣೆಯನ್ನು ಹೂವಿನ ವ್ಯಾಪಾರಿಗಳಿಗೆ ಬಾಡಿಗೆಗೆ ಕೊಟ್ಟರು. "ಸುಮ್ಮನೆ ಬಿದ್ದಿರುವುದಕ್ಕಿಂತ ಇದು ವಾಸಿ. ಕೋರ್ಟು ಮುಗಿದ ದಿನ ಹೇಳಿ ಬೆಹೆನ್‌ಜೀ, ಮತ್ತೆ ಶುರುಮಾಡೋಣ," ಎಂದರು. ಕೈಗವಸು ತೊಟ್ಟು ಕಲಿತಿದ್ದ ಹೆಂಗಸರು ನಗರದ ಮನೆಗೆಲಸಗಳಿಗೆ ಹಿಂದಿರುಗಿದರು. ಎದುರಿಗೆ ಸಿಕ್ಕರೆ ಕೆಲಸ ಯಾವಾಗ ಎಂದು ಕೇಳುತ್ತಿದ್ದರು. ಕೇಳುವುದನ್ನು ಬಿಟ್ಟಾಗ ಅವಳಿಗೆ ಇನ್ನೂ ಕಷ್ಟವಾಯಿತು.

"ಇನ್ನು ಅಲ್ಲಿಗೆ ಯಾಕೆ ಹೋಗ್ತಿ? ಸಂಬಳ ಇಲ್ಲ, ಎಂತ ಇಲ್ಲ," ಎಂದರು ದೇವದಾಸರು.

"ಡಬ್ಬಿ ನೋಡದೆ ಬಿಟ್ರೆ ಇಷ್ಟು ದಿನದ ಲೆಕ್ಕ ತಪ್ಪಿಹೋಗ್ತದೆ. ಆಮೇಲೆ ಎಲ್ಲ ಮೊದಲಿಂದ ಆಗ್ಬೇಕು."

"ಅಮ್ಮಾ, ಲೆಟ್ ಇಟ್ ಗೋ," ಎಂದ ಸ್ವಸ್ತಿಕ್, ಫೋನಿನಿಂದ ತಲೆಯೆತ್ತದೆ.

ಅವಳು ಬಿಡಲಿಲ್ಲ. ಅಪರ್ಣಾಳ ವಕೀಲರ ಕಚೇರಿಗೆ ಫೋನು ಮಾಡುವುದನ್ನೂ ಬಿಡಲಿಲ್ಲ. ಕೊನೆಗೆ ಒಂದು ದಿನ ಅಲ್ಲಿಯ ಗುಮಾಸ್ತ ತಾನಾಗಿಯೇ ಸುದ್ದಿ ಹೇಳಿದ. ಅದನ್ನು ತಿಳಿಸಲು ಅವಳು ಬಾರುಯಿಪುರಕ್ಕೆ ಹೋದಾಗ ಹರಾಧನ್ ಮುಂದಿನ ಫಸಲಿನ ಕಾಯಿಗಳಿಗೆ ಚೀಲ ಕಟ್ಟುತ್ತಿದ್ದ. ಸಂತೆಗೆ ಹೋಗುವ ಹಣ್ಣಿಗೆ ಅಷ್ಟು ನಾಜೂಕು ಬೇಕಿರಲಿಲ್ಲ. ಆದರೂ ಅವಳು ಒಂದು ಹಿಡಿ ಚೀಲ ತೆಗೆದುಕೊಂಡು ಪಕ್ಕದ ಕೊಂಬೆಗೆ ಕೈಹಾಕಿದಳು.

"ಏನಂದರು, ದಿದಿ?"

"ವಿಚಾರಣೆ ಮುಂದಕ್ಕೆ ಹೋಯಿತಂತೆ. ಪೂಜೆ ಕಳೆದ ಮೇಲೆ ಅಂದರು."

ಹರಾಧನ್ ಗಂಟು ಬಿಗಿದು, ಇನ್ನೊಂದು ಚೀಲ ಬಿಡಿಸಿದ. "ಯಾವ ವರ್ಷದ ಪೂಜೆ?"

ಅವಳು ಅದನ್ನು ಕೇಳಿರಲಿಲ್ಲ.